ನೀಲಿ ಬಣ್ಣದ ಕೆಳಗಿನ ಹಸಿರು

ಅಪ್ಪ ತೀರಿಕೊಂಡು ವರ್ಷ ತುಂಬಿದ ಮೇಲೆ ಅವರ ಸ್ಕೂಟರನ್ನು ಸರಿ ಮಾಡಿಸಬೇಕೆಂಬ ಹಟ ನನಗೆ ಹಿಡಿಯಿತು. ಬೀಡಿ ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು ಕಟ್ಟಿಕೊಂಡು ಬೀಡಿ ಕಟ್ಟುವವರ ಮನೆಮನೆಗೆ ಕೊಡಲು ಅವರು ಬೆಳ್ತಂಗಡಿಯ ಸುತ್ತಮುತ್ತ ಓಡಾಡಿದ್ದೆಲ್ಲ ಅದರಲ್ಲೇ. ಬದಿಯ ಡಿಕ್ಕಿ ತೆರೆದರೆ ಈಗಲೂ ಹೊಗೆಸೊಪ್ಪಿನ ವಾಸನೆ. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಶೋರೂಮಿನಿಂದ ಬಂದ ದಿನ ಹೇಗಿತ್ತೋ ಹಾಗೆಯೇ ಅದು ಆಗಬೇಕಿತ್ತು.

ಆ ದಿನವೇ ಅಮ್ಮ ಒಂದು ಮಾತು ಹೇಳಿದ್ದರು. ಅವರ ಅಣ್ಣ ಬೈಕಿನಿಂದ ಬಿದ್ದು ಸತ್ತಿದ್ದರು. "ಒಂದು ಸಲ ಬಿದ್ರೆ ಮುಗೀತು. ಮತ್ತೆ ಈ ಮನೆಗೆ ಗಾಡಿ ಇಲ್ಲ." ಅಪ್ಪ ಬೀಳಲಿಲ್ಲ. ಹದಿನೆಂಟು ವರ್ಷ ಒಮ್ಮೆಯೂ ಬೀಳಲಿಲ್ಲ, ಕೊನೆಗೆ ಎದೆನೋವಿಗೆ ಹೋದರಲ್ಲಾ ಎಂದು ಅಮ್ಮ ಶವದ ಮುಂದೆಯೂ ಹೇಳಿಕೊಂಡು ಅತ್ತಿದ್ದರು.

ಹಳೆಯ ಸ್ಕೂಟರುಗಳನ್ನು ಕಂಪೆನಿಯಿಂದ ಬಂದ ಹಾಗೆಯೇ ಮಾಡಿಕೊಡುವ ಬ್ಯಾರಿ ಮೆಕ್ಯಾನಿಕ್ ಒಬ್ಬರು ಮೂಡುಬಿದಿರೆಯಲ್ಲಿದ್ದಾರೆಂದು ತಿಳಿದು, ಟೆಂಪೋದಲ್ಲಿ ಹಾಕಿಸಿ ಒಯ್ದೆ. ಎಲ್ಲರೂ ಅವರನ್ನು ಕಾಕ ಎನ್ನುತ್ತಿದ್ದರು. ಅವರು ಪೆಟ್ರೋಲ್ ಟ್ಯಾಂಕ್ ಬಿಚ್ಚಿ, ಅದರ ಕೆಳಗೆ ಬ್ಲೇಡಿನಿಂದ ಕೆರೆದರು. ಪೈಂಟರನ ಕೈ ಹೋಗದ ಜಾಗದಲ್ಲಿ ಮೊದಲ ಬಣ್ಣ ಉಳಿದಿರುತ್ತದಂತೆ.

"ಹಸಿರು," ಎಂದರು.

"ಅಲ್ಲ ಕಾಕಾ, ನೀಲಿ. ಶೋರೂಮಿನಿಂದ ಬಂದದ್ದೇ ನೀಲಿ. ನಾನೇ ಕುಂಕುಮ ಇಟ್ಟದ್ದು."

"ನೀನು ಆಗ ಇಷ್ಟು ಚಿಕ್ಕವಳು. ನಿನಗಿಂತ ಇದಕ್ಕೆ ನೆನಪು ಜಾಸ್ತಿ ಮಾರಾಯ್ತಿ," ಎಂದು ನಕ್ಕರು.

ನಾನು ಬಿಡಲಿಲ್ಲ. ಕೊನೆಗೆ ಅವರು ಚಾಸಿಯ ಮೇಲಿನ ನಂಬರಿಗೆ ಸೀಮೆಎಣ್ಣೆ ಬಟ್ಟೆ ಉಜ್ಜಿ, ಕಾಗದ ಇಟ್ಟು, ಪೆನ್ಸಿಲ್ ಆಡಿಸಿದರು. ಅಂಕಿಗಳು ಒಂದೊಂದಾಗಿ ಎದ್ದುಬಂದವು. ನಾನು ಆರ್‌ಸಿ ಪುಸ್ತಕ ಬಿಡಿಸಿ ಓದಿದೆ. ಒಂದಕ್ಕೊಂದು ತಾಳೆಯಾಗಲಿಲ್ಲ. ಮತ್ತೊಮ್ಮೆ ಓದಿದೆ.

ಇದು ಅಪ್ಪನ ಸ್ಕೂಟರ್ ಅಲ್ಲ.

ಕಾಕ ಸೀಟು ಎತ್ತಿ, ಅದರ ಅಡಿಯನ್ನು ಬೆರಳಿನಿಂದ ತಡವಿದರು. ಅಲ್ಲಿ ಪಂಚಿನಿಂದ ಕುಟ್ಟಿದ ಮೂರು ಚುಕ್ಕೆಗಳಿದ್ದವು. ತಾವು ಪೂರ್ತಿ ಬಿಚ್ಚಿ ಕಟ್ಟಿದ ಗಾಡಿಗೆ ಅವರು ಹಾಕುವ ಗುರುತು.

"ಯಾ ಅಲ್ಲಾಹ್, ನಾನೇ ಹೊಡೆದ ನೀಲಿ ಇದು," ಎಂದರು. ಆಮೇಲೆ ನಿಧಾನವಾಗಿ, "ಕಕ್ಕಿಂಜೆ ಹತ್ತಿರ ಲಾರಿ ತಾಗಿ ಗಾಡಿ ಪುಡಿಪುಡಿ. ನಿನ್ನ ಅಪ್ಪ ಹೇಗೆ ಬದುಕಿದ್ದೋ! ಅದೇ ಮಾಡೆಲಿನ ಈ ಹಸಿರು ಗಾಡಿ ಎಲ್ಲಿಂದಲೋ ಹುಡುಕಿ ತಂದಿದ್ರು. 'ನೀಲಿ ಮಾಡಿ ಕೊಡಿ, ಮನೆಯಲ್ಲಿ ಗೊತ್ತಾಗಬಾರದು, ಗೊತ್ತಾದ್ರೆ ಮತ್ತೆ ಗಾಡಿ ಇಲ್ಲ, ನನ್ನ ಕೆಲಸ ಹೋಯ್ತು' ಅಂತ. ಹಳೇ ನಂಬರ್ ಪ್ಲೇಟನ್ನೇ ಹಾಕಿದ್ದು. ತಪ್ಪು ಮಗಳೇ, ಆಗ ಮಾಡಿಬಿಟ್ಟೆ."

ನಾನು ಅಲ್ಲೇ ಟೈರಿನ ಮೇಲೆ ಕುಳಿತೆ. ಏಳನೇ ಕ್ಲಾಸಿನ ರಜೆ ನೆನಪಾಯಿತು. ಪೈಂಟಿಗೆ ಕೊಟ್ಟಿದ್ದೇನೆ ಎಂದು ಅಪ್ಪ ಹದಿನೈದು ದಿನ ಬಸ್ಸಿನಲ್ಲಿ ಹೋಗುತ್ತಿದ್ದರು. ಆ ಸೆಖೆಯಲ್ಲೂ ತುಂಬುತೋಳಿನ ಅಂಗಿ. ಮದುಮಗ ಬಂದ ಎಂದು ನಾನು ನಗುತ್ತಾ ಆ ತೋಳಿಗೇ ಜೋತುಬಿದ್ದಿದ್ದೆ. ಅಪ್ಪನೂ ನಕ್ಕಿದ್ದರು. ಅಂಗಿಯ ಒಳಗೆ ಏನಿತ್ತೋ.

"ಇನ್ನು ಇದನ್ನು ರಸ್ತೆಗೆ ಇಳಿಸುವ ಹಾಗಿಲ್ಲ," ಎಂದರು ಕಾಕ. "ಬಣ್ಣ ಏನು ಮಾಡುವ? ಕಂಪೆನಿದು ಹಸಿರು."

"ನೀಲಿ," ಎಂದೆ.

"ಹೊಗೆಸೊಪ್ಪಿನ ಕರೆ ತೊಳೆದರೆ ಡಿಕ್ಕಿಯ ಒಳಗೂ ಹಸಿರೇ. ಅದನ್ನು ನಾನು ಮುಟ್ಟುವುದಿಲ್ಲ. ಒಂದು ಕಡೆಯಾದರೂ ನಿಜ ಇರಲಿ," ಎಂದರು ಕಾಕ.

ತಿಂಗಳ ನಂತರ ಸ್ಕೂಟರ್ ಮನೆಯ ಅಂಗಳದಲ್ಲಿ ಇಳಿಯಿತು. ಅಮ್ಮ ಸೆರಗಿನಿಂದ ಹ್ಯಾಂಡಲ್ ಒರೆಸಿ, ಸುತ್ತ ಒಂದು ಬಾರಿ ನಡೆದು ನೋಡಿದರು.

"ಮೊದಲಿನ ಹಾಗೇ ಉಂಟು. ಒಂದು ದಿನವೂ ಬೀಳಿಸಲಿಲ್ಲ ನೋಡು ಅವರು. ಬಿದ್ದ ಗಾಡಿ ಹೀಗಿರ್ತದಾ?"

"ಇಲ್ಲ ಅಮ್ಮ," ಎಂದೆ. ಡಿಕ್ಕಿಯ ಮುಚ್ಚಳ ತೆರೆದೇ ಇತ್ತು. ಒಳಗಿನ ಹಸಿರು ಅವರಿಗೆ ಕಾಣುವ ಮೊದಲು ಅದನ್ನು ಒತ್ತಿ ಮುಚ್ಚಿದೆ.