ಅಮ್ಮನ ಮಂಡಿಗೆ ಸಿಕ್ಕ ಗ್ರೀಕ್ ಹೆಸರು

ನಮ್ಮ ಅಜ್ಜಿಯ ಕಾನೂನಿನಲ್ಲಿ, ನಿಂತು ಬೇಯಿಸಿದ ಅನ್ನ ದೇವರಿಗೆ ಸಲ್ಲುತ್ತಿರಲಿಲ್ಲ. ಮುಳಬಾಗಿಲಿನ ನಮ್ಮ ಮನೆಯಲ್ಲಿ ಒಲೆ ನೆಲದ ಮೇಲೇ ಇತ್ತು. ನೈವೇದ್ಯವಾಗುವವರೆಗೂ ಅಮ್ಮ ಅದರ ಮುಂದೆ ಕುಕ್ಕರಗಾಲಿನಲ್ಲಿ ಕೂತಿದ್ದು, ಗೋಡೆ ಹಿಡಿದು ಏಳುವಾಗ ಕಣ್ಣೀರು ಹಾಕುತ್ತಿದ್ದಳು. ಒಲೆಗೊಂದು ಕಟ್ಟೆ ಕಟ್ಟಿಸಿ ಎಂದು ಎರಡು ವರ್ಷದಿಂದ ಕೇಳುತ್ತಿದ್ದಳು. ಅಪ್ಪ ತಮ್ಮ ತಾಯಿಯ ಮುಖ ನೋಡುತ್ತಿದ್ದರು. ಅಜ್ಜಿ ದೇವರ ಮುಖ ನೋಡುತ್ತಿದ್ದರು. ಕಟ್ಟೆ ಮಾತ್ರ ಏಳಲಿಲ್ಲ.

ಎಪ್ಪತ್ತರ ದಶಕದ ಕೊನೆ. ನಾನು ಬಸ್ಸು ಹಿಡಿದು ಕೋಲಾರದ ಕಾಲೇಜಿಗೆ ಹೋಗಿಬರುತ್ತಿದ್ದ, ಎಲ್ಲ ಬಲ್ಲೆನೆಂಬ ಹುಡುಗಿ. ಅಮ್ಮನನ್ನು ಡಾಕ್ಟರ ಬಳಿಗೆ ನಾನೇ ಎಳೆದುಕೊಂಡು ಹೋದೆ. ಅವರು ಮಂಡಿ ಒತ್ತಿ ನೋಡಿ, ಚೀಟಿಯಲ್ಲಿ ಆರ್ಥ್ರೈಟಿಸ್ ಎಂದು ಬರೆದರು.

ಮರುದಿನ ಕಾಲೇಜಿನಲ್ಲಿ ದಪ್ಪ ನಿಘಂಟು ತೆಗೆದೆ. ಪದ ಗ್ರೀಕರದ್ದಂತೆ. ಆರ್ಥ್ರಾನ್ ಎಂದರೆ ಕೀಲು. ಐಟಿಸ್ ಎಂದರೆ ಮೊದಲು ಬರೀ 'ಅದಕ್ಕೆ ಸೇರಿದ್ದು' ಎಂದಷ್ಟೇ. ಉರಿಯೂತ ಎಂಬ ಅರ್ಥ ವೈದ್ಯರ ಬಾಯಲ್ಲಿ ಆಮೇಲೆ ಬಂದದ್ದು. ಒಟ್ಟಿನಲ್ಲಿ ಕೀಲಿನ ಕಾಯಿಲೆ. ಅಮ್ಮ ಹೇಳುತ್ತಿದ್ದದ್ದೂ ಅದನ್ನೇ, ಪಾಪ, ಕನ್ನಡದಲ್ಲಿ ಹೇಳಿ ಕೆಟ್ಟಿದ್ದಳು.

ಸಂಜೆ ಬರೆದುಕೊಂಡದ್ದನ್ನು ಮಂತ್ರದ ಧಾಟಿಯಲ್ಲಿ ಓದಿದೆ. ಅಜ್ಜಿ ಹೂಬತ್ತಿ ಹೊಸೆಯುವುದನ್ನು ನಿಲ್ಲಿಸಿದರು. ಗಾಬರಿಯಾದರೆ ಅವರಿಗೆ ತೆಲುಗು ಬರುತ್ತಿತ್ತು.

"ಎವರೇ ವಾಳ್ಳು? ಯಾರೇ ಅವರು, ಗ್ರೀಕರು?"

"ತುಂಬಾ ಹಳೇ ಜನ ಅಜ್ಜಿ. ಎರಡು ಸಾವಿರ ವರ್ಷದ ಹಿಂದೇನೇ ಈ ಕಾಯಿಲೆಗೆ ಹೆಸರಿಟ್ಟಿದ್ರು."

"ದೇವರು ದಿಂಡರು ಇದ್ರಾ?"

"ನಮ್ಮಷ್ಟೇ ಇದ್ರು."

"ಹಾಗಾದ್ರೆ ಸುಳ್ಳು ಹೇಳೋ ಜನ ಅಲ್ಲ ಬಿಡು," ಎಂದವರೇ ಅಪ್ಪನ ಕಡೆ ತಿರುಗಿದರು. "ಗಾರೆಯವನಿಗೆ ಹೇಳಿ ಕಳಿಸೋ. ಮಡಿ ಉಟ್ಟು ನಿಂತ್ರೆ ದೋಷ ಇಲ್ಲ."

ವಾರದಲ್ಲಿ ಕಟ್ಟೆ ಎದ್ದಿತು. ಅಮ್ಮ ನಿಂತು ಅನ್ನ ಬಸಿದಳು, ದೇವರು ತಕರಾರಿಲ್ಲದೆ ಸ್ವೀಕರಿಸಿದ. ನಾನು ಗೆದ್ದ ಹುಮ್ಮಸ್ಸಿನಲ್ಲಿದ್ದರೂ ಒಳಗೆ ಕೋಪ ಉರಿಯುತ್ತಿತ್ತು. ಸೊಸೆಯ ಕಣ್ಣೀರಿಗೆ ಸಿಗದ ಮರ್ಯಾದೆ ಯಾವನೋ ಗ್ರೀಕನಿಗೆ ಸಿಕ್ಕಿತಲ್ಲ!

ಅಂದು ಮಧ್ಯಾಹ್ನ ಅಜ್ಜಿ ನನ್ನನ್ನು ಹಿತ್ತಲಿಗೆ ಕರೆದರು. ಯಾರೂ ಇಲ್ಲವೆಂದು ನೋಡಿಕೊಂಡು ಸೀರೆಯನ್ನು ಮಂಡಿಯ ಮೇಲಕ್ಕೆ ಎತ್ತಿದರು. ಅಮ್ಮನ ಮಂಡಿಗಿಂತ ದಪ್ಪಗೆ ಊದಿತ್ತು.

"ನಂದೂ ಅದೇ ಏನೇ?"

"ಯಾವಾಗಿಂದ ಅಜ್ಜಿ?"

"ನಿಮ್ಮಪ್ಪನ್ನ ಸ್ಕೂಲಿಗೆ ಸೇರಿಸಿದ ವರ್ಷದಿಂದ ಕಣೇ. ಹೇಳ್ಕೊಂಡಿದ್ರೆ ನಮ್ಮತ್ತೆ ಬಿಡ್ತಿದ್ರಾ?"