ಯೋನನ ಪಾಠ ಹೇಳಿದ ಭಾನುವಾರ

ಜಪಾನಿನ ಹಮಾಮತ್ಸುವಿನಲ್ಲಿದ್ದ ನಮ್ಮ ಪುಟ್ಟ ಪ್ರಾರ್ಥನಾ ಕೂಟಕ್ಕೆ ಕೊರೋನಾ ತಂದವಳು ಶೈಲಾ ಅಲ್ಲ. ನಾನು. ಗೊತ್ತಿಲ್ಲದೆ ತಂದೆ ಎಂದು ಹೇಳುವಂತೆಯೂ ಇಲ್ಲ — ಆ ಬೆಳಿಗ್ಗೆ ನನಗೆ ಜ್ವರವಿತ್ತು, ಥರ್ಮಾಮೀಟರ್ ನೋಡಿದ್ದೆ, ಮಾತ್ರೆ ನುಂಗಿ ಸೀರೆ ಉಟ್ಟು ಹೊರಟಿದ್ದೆ. ಆಮೇಲೆ ಆ ತಪ್ಪು ಇನ್ನೊಬ್ಬಳ ತಲೆಯ ಮೇಲೆ ಕೂರಲು ಬಿಟ್ಟೆ. ‘ಬಿಟ್ಟೆ’ ಎಂಬುದೂ ಪೂರ್ತಿ ನಿಜವಲ್ಲ — ಕೈ ಹಿಡಿದು ಕೂರಿಸಿದೆ.

ಗಂಡನಿಗೆ ಇಲ್ಲಿಯ ಮೋಟಾರ್ ಸೈಕಲ್ ಕಾರ್ಖಾನೆಯೊಂದರಲ್ಲಿ ವಿನ್ಯಾಸದ ಕೆಲಸ. ನನಗೆ ಕೆಲಸವಿರಲಿಲ್ಲ, ಇದ್ದದ್ದು ಭಾನುವಾರ. ಊರಿನ ಐದು ಕನ್ನಡ ಮನೆಗಳವರು ಅಂದು ಸೇರುತ್ತಿದ್ದೆವು. ನಾನು ಬೈಬಲಿನ ಒಂದು ಭಾಗ ಓದಿ, ಅದರಿಂದ ಆ ವಾರದ ಬದುಕಿಗೆ ಒಂದು ಪಾಠ ಹೇಳುತ್ತಿದ್ದೆ. ಅದು ನನಗೆ ಸುಲಭಕ್ಕೆ ಒಲಿದ ವಿದ್ಯೆ. ಸೋಂಕಿನ ಮೊದಲ ಭಯದಲ್ಲಿ ಎಲ್ಲರೂ ವಿಡಿಯೋದ ಚೌಕಗಳಾಗಿದ್ದಾಗ, ಮರುಭೂಮಿಯಲ್ಲಿ ದೇವರು ದಿನದಿನಕ್ಕೆ ಕೊಟ್ಟ ಮನ್ನವೆಂಬ ಆಹಾರವನ್ನು ನಾಳೆಗೆಂದು ಕೂಡಿಟ್ಟವರ ಕಥೆ ಓದಿದೆ. ಅಂಗಡಿಯಿಂದ ಟಾಯ್ಲೆಟ್ ಪೇಪರ್ ಪೇರಿಸಿಕೊಂಡು ಬರಬೇಡಿ ಎಂದೆ. ಎಲ್ಲರೂ ನಕ್ಕರು. ಮಾರನೆಯ ದಿನ ಎರಡು ಮನೆಯವರು ತಮ್ಮಲ್ಲಿದ್ದುದನ್ನು ಅಕ್ಕಪಕ್ಕದವರಿಗೆ ಹಂಚಿದರಂತೆ. ಅದನ್ನು ಕೇಳಿದಾಗ ನನಗಾದ ಹೆಮ್ಮೆ — ಅದನ್ನು ಇಲ್ಲಿ ಬರೆಯಲೇಬೇಕು, ಮುಂದಿನದೆಲ್ಲ ಅದರಿಂದಲೇ ಆಯಿತು.

ಶೈಲಾ ಮೈಸೂರಿನವಳು, ಹಿಂದೂ. ನಮ್ಮ ಕೂಟಕ್ಕೆ ಬರುತ್ತಿದ್ದುದು ಏಳು ವರ್ಷದ ಮಗಳು ನಿಧಿಯ ಕಿವಿಗೆ ಕನ್ನಡ ಬೀಳಲಿ ಎಂದು. ತಂದೆಯ ಕಾರ್ಯಕ್ಕೆಂದು ಮೈಸೂರಿಗೆ ಹೋದ ಅವಳ ಗಂಡ ವಿಮಾನಗಳು ನಿಂತು ಅಲ್ಲೇ ಸಿಕ್ಕಿಕೊಂಡಿದ್ದ. ಅವಳು ಬೆಳಗಿನ ಹೊತ್ತು ಊಟದ ಡಬ್ಬಿ ತುಂಬುವ ಕಾರ್ಖಾನೆಯೊಂದರಲ್ಲಿ ದುಡಿಯುತ್ತ ಮಗುವನ್ನು ಒಬ್ಬಳೇ ಸಾಕುತ್ತಿದ್ದಳು. ನನ್ನ ಪಾಠಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದವಳು ಅವಳೊಬ್ಬಳೇ.

ಆ ವರ್ಷದ ನವೆಂಬರಿನಲ್ಲಿ ಸೋಂಕು ಸ್ವಲ್ಪ ತಗ್ಗಿದಂತೆ ಕಂಡಿತು. ಕೃತಜ್ಞತೆಯ ಆರಾಧನೆಗೆ ಎದುರೆದುರೇ ಸೇರೋಣ ಎಂದು ಒತ್ತಾಯ ಮಾಡಿದವಳು ನಾನು. ಜಯಶೀಲಮ್ಮನ ಮಗನ ಮನೆಯಲ್ಲಿ ಸೇರಿದೆವು. ಆಕೆ ಬೆಟಗೇರಿಯವರು, ಮೊಮ್ಮಗುವನ್ನು ನೋಡಲು ಬಂದು ಹಿಂದಿರುಗಲಾಗದೆ ಉಳಿದವರು. ಎಪ್ಪತ್ತು ದಾಟಿದ್ದರೂ ಕೀರ್ತನೆ ಹಾಡಿದರೆ ಗೋಡೆ ನಡುಗಬೇಕು. ಅಂದು ನಾನು ಬರದಿದ್ದರೆ ಪಾಠ ಹೇಳುವವರಿರಲಿಲ್ಲ — ಹಾಗೆಂದು ನನಗೆ ನಾನೇ ಹೇಳಿಕೊಂಡು ಮಾತ್ರೆ ನುಂಗಿದೆ. ಬೈಬಲನ್ನು ಇನ್ನೊಬ್ಬರು ಓದಬಹುದಿತ್ತು. ಪಾಠವಿಲ್ಲದೆ ಪ್ರಾರ್ಥನೆ ಮಾಡಿ ಎದ್ದುಹೋಗಬಹುದಿತ್ತು. ಅದು ನನಗೆ ಹೊಳೆಯಲೇ ಇಲ್ಲ.

ಮಂಗಳವಾರ ಶೈಲಾಗೆ ಜ್ವರ. ಬುಧವಾರ ಜಯಶೀಲಮ್ಮನಿಗೆ. ಶುಕ್ರವಾರ ಆಕೆಯನ್ನು ಆಸ್ಪತ್ರೆಗೆ ಸೇರಿಸಿ ಆಮ್ಲಜನಕ ಕೊಟ್ಟರು. ನನ್ನ ಪರೀಕ್ಷೆಯಲ್ಲೂ ಸೋಂಕು ಕಂಡಿತು. ಆರೋಗ್ಯ ಕೇಂದ್ರದ ಹೆಂಗಸೊಬ್ಬಳು ಫೋನ್ ಮಾಡಿ, ನನಗೆ ಅರ್ಥವಾಗಲೆಂದು ನಿಧಾನವಾದ ಜಪಾನೀ ಭಾಷೆಯಲ್ಲಿ, ಲಕ್ಷಣಗಳು ಯಾವ ದಿನ ಶುರುವಾದವು ಎಂದು ಕೇಳಿದಳು. ನನ್ನ ಗಂಡ ಎದುರಿಗೇ ನಿಂತಿದ್ದರು. ಭಾನುವಾರದ ಮಾತ್ರೆಯನ್ನು ಅವರು ನೋಡಿದ್ದರು.

“ಗುರುವಾರ,” ಎಂದೆ.

ಅವರು ನನ್ನನ್ನು ಒಂದು ಕ್ಷಣ ನೋಡಿ, ಬಟ್ಟೆಯ ಬುಟ್ಟಿ ಎತ್ತಿಕೊಂಡು ಬಾಲ್ಕನಿಗೆ ಹೋದರು. ಆ ಹೆಂಗಸು ತೊಂದರೆ ಕೊಟ್ಟದ್ದಕ್ಕೆ ಕ್ಷಮೆ ಕೇಳಿ ಫೋನಿಟ್ಟಳು. ಆ ಒಂದು ಪದದಿಂದ ಜ್ವರ ಬಂದವರ ಸಾಲಿನಲ್ಲಿ ಶೈಲಾ ಮೊದಲಿಗಳಾದಳು. ಅವಳ ಕಾರ್ಖಾನೆಯಲ್ಲಿ ಹಿಂದಿನ ವಾರ ಯಾರಿಗೋ ಸೋಂಕು ಬಂದಿತ್ತು ಎಂಬ ಸುದ್ದಿಯೂ ಸೇರಿತು. ಯಾರೂ ಯಾರನ್ನೂ ದೂರಬೇಕಾಗಲಿಲ್ಲ, ಎಲ್ಲರಿಗೂ ‘ಅರ್ಥವಾಯಿತು’.

ಎರಡು ದಿನ ಬಿಟ್ಟು ಶೈಲಾಳ ಫೋನ್. ದನಿ ಬಿದ್ದುಹೋಗಿತ್ತು. ಹಿಂದೆ ನಿಧಿ ಕೆಮ್ಮುತ್ತಿದ್ದುದು ಕೇಳುತ್ತಿತ್ತು.

“ಅಕ್ಕಾ, ನಿಜ ಹೇಳಿ. ಜಯಶೀಲಮ್ಮಂಗೆ ಬಂದಿದ್ದು ನನ್ನಿಂದಾನೇ ಅಲ್ವಾ?”

ಅಲ್ಲ — ಒಂದೇ ಪದ. ನಾಲಿಗೆಯ ಮೇಲೇ ಇತ್ತು. ಅದರ ಬದಲು ನಾನು ಆಡಿದ ಮಾತು ಇದು:

“ದೇವರು ಕ್ಷಮಿಸ್ತಾನೆ, ಶೈಲಾ.”

ಆ ವಾಕ್ಯದಲ್ಲಿ ಒಂದು ಸುಳ್ಳನ್ನೂ ಯಾರೂ ಹಿಡಿದು ತೋರಿಸಲಾರರು. ಇಷ್ಟು ವರ್ಷ ದೇವರ ವಾಕ್ಯ ಬೋಧಿಸಿ ನಾನು ಕಲಿತ ಚಾತುರ್ಯವೆಲ್ಲ ಆ ಮೂರು ಪದಗಳಲ್ಲಿತ್ತು. ಅವಳು ಅತ್ತಳು. ಥ್ಯಾಂಕ್ಸ್ ಅಕ್ಕಾ ಎಂದಳು.

ಮುಂದಿನ ಭಾನುವಾರ ವಿಡಿಯೋದಲ್ಲಿ ಸೇರಿದಾಗ ನಾನು ಓದಿದ ಭಾಗ — ಯೋನನದು. ಅದನ್ನೇ ಏಕೆ ಆರಿಸಿದೆ? ಒಳಗಿದ್ದದ್ದು ಹೊರಬರಲು ದಾರಿ ಹುಡುಕುತ್ತಿತ್ತು ಎಂದು ಬಹಳ ಕಾಲ ನಂಬಿಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ಆ ಭಾಗ ಓದುವವಳ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ — ಅಷ್ಟೇ ಇರಬೇಕು. ಬಿರುಗಾಳಿಗೆ ಹಡಗು ಒಡೆಯುವಂತಿದೆ, ಇದು ಯಾರಿಂದ ಬಂತೆಂದು ನಾವಿಕರು ಕಂಗಾಲಾಗಿದ್ದಾರೆ, ಕೆಳಗೆ ಮಲಗಿದ್ದ ಯೋನ ಎದ್ದು ಬಂದು ಇದು ನನ್ನಿಂದಲೇ ಎನ್ನುತ್ತಾನೆ. ಮನೆಯಲ್ಲಿ ಏನಾದರೂ ಒಡೆದಾಗ ‘ನಾನು’ ಎಂದು ಮೊದಲು ಹೇಳುವವರು ಇಡೀ ಮನೆಯನ್ನು ಉಳಿಸುತ್ತಾರೆ, ಎಂದೆ.

ಶೈಲಾಳ ಚೌಕದಲ್ಲಿ ಮೈಕ್ ತೆರೆದುಕೊಂಡಿತು. ನಿಧಿ ಪಕ್ಕದಲ್ಲೇ ಕೂತಿದ್ದಳು.

“ನನ್ನಿಂದಾನೇ ಎಲ್ಲರಿಗೂ ತೊಂದರೆ ಆಯ್ತು. ಆ ದಿನ ನಾನು ಬರಬಾರದಿತ್ತು. ದಯವಿಟ್ಟು ಕ್ಷಮಿಸಿ,” ಎಂದು ಇಲ್ಲಿಯವರಂತೆ ತಲೆ ಬಾಗಿಸಿದಳು. ಬೈತಲೆ ಮಾತ್ರ ಕಾಣುವಷ್ಟು. ಅಮ್ಮನನ್ನು ನೋಡಿ ನಿಧಿಯೂ ಬಾಗಿದಳು.

ಆಗಲೂ ಸಮಯವಿತ್ತು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು — ಮುಂದಿನ ಮಾತು ಯಾವಾಗಲೂ ನನ್ನದೇ ಅಲ್ಲವೇ. “ಶೈಲಾ ತೋರಿಸಿದ ಧೈರ್ಯ ನಮಗೆಲ್ಲ ಪಾಠ,” ಎಂದು ಹೇಳಿ ಪ್ರಾರ್ಥನೆ ಶುರುಮಾಡಿದೆ.

ಯಾರೂ ಕ್ರೂರವಾಗಿ ನಡೆದುಕೊಳ್ಳಲಿಲ್ಲ. ಆದರೂ ಪಾರ್ಕಿಗೆ ನಿಧಿ ಬಂದಾಗ ಉಳಿದ ಮಕ್ಕಳಿಗೆ ಮನೆಯಿಂದ ಕರೆ ಬರತೊಡಗಿತು. ಶೈಲಾ ತಾನಾಗಿಯೇ ಕೆಲಸ ಬಿಟ್ಟಳು. ಹುಷಾರಾದ ಮೇಲೆ ಮಗಳ ಜೊತೆ ಒಂದೊಂದೇ ಮನೆಗೆ ನಡೆದುಹೋಗಿ, ಸಿಹಿಯ ಡಬ್ಬಿ ಕೊಟ್ಟು, ಬಾಗಿಲಲ್ಲೇ ಕ್ಷಮೆ ಕೇಳಿ ಹಿಂದಿರುಗಿದಳು. ನಮ್ಮ ಮನೆಗೂ ಬಂದಳು. ಡಬ್ಬಿಯನ್ನು ನಾನು ಎರಡೂ ಕೈಯಲ್ಲಿ ತೆಗೆದುಕೊಂಡೆ. ವಸಂತದಲ್ಲಿ ಅವಳ ಗಂಡ ವಾಪಸ್ ಬಂದ. ಅವರು ಯೋಕೋಹಾಮಾಕ್ಕೆ ಹೋದರು.

ಜಯಶೀಲಮ್ಮ ಬದುಕಿಕೊಂಡರು. ದನಿ ಮಾತ್ರ ಹೋಯಿತು. ಒಂದು ಸಾಲು ಹಾಡಿದರೆ ಏದುಸಿರು. ಊರಿಗೆ ವಿಮಾನ ಸಿಕ್ಕಿದಾಗ ಬೀಳ್ಕೊಡಲು ಹೋದೆ. ಸೊಸೆ ಚಹಾ ಮಾಡಲು ಒಳಗೆ ಹೋದಾಗ ಆಕೆ ಮೆಲ್ಲಗೆ ಹೇಳಿದರು: “ಅವತ್ತ ಪ್ರಾರ್ಥನಾದಾಗ ನಿನ್ನ ಕೈ ಹಿಡಿದಿದ್ನೆವಾ. ಸುಡತಿತ್ತು.”

ನಾನು ಆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡೆ.

“ಆ ಹುಡುಗಿಗೆ ನೀನ ಹೇಳ್ತಿ ಅಂತ ಕಾದೆ. ನಾ ಯಾರಿಗೂ ಹೇಳಂಗಿಲ್ಲ. ಅದು ನೀ ಹೇಳೋ ಮಾತು.”

ಬೈದಿದ್ದರೆ — ಬೈಯಲಿಲ್ಲ. ನನ್ನ ತಲೆ ನೇವರಿಸಿದರು. ಅಷ್ಟಾದ ಮೇಲೂ ನಾನು ಹೇಳಲಿಲ್ಲ. ಪಾಠ ಹೇಳುವುದನ್ನು ಮಾತ್ರ ನಿಲ್ಲಿಸಿದೆ, ಗಂಟಲು ಸರಿಯಿಲ್ಲವೆಂದು. ಅದೂ ಸುಳ್ಳೇ. ಗಂಡನೊಡನೆ ಆ ಮಾತು ಎತ್ತಲೇ ಇಲ್ಲ, ಅವರೂ ಎತ್ತಲಿಲ್ಲ. ಒಂದೇ ಮನೆಯಲ್ಲಿ ಇಬ್ಬರೂ ಆ ಗುರುವಾರವನ್ನು ತಾಗದಂತೆ ಓಡಾಡಿದೆವು.

ಮಾಸ್ಕುಗಳು ಮೆಲ್ಲನೆ ಮುಖದಿಂದ ಇಳಿದವು. ಹೋದ ವಾರ ಶೈಲಾ ಫೋನ್ ಮಾಡಿದಳು. ಅಲ್ಲಿಯ ಹೆಂಗಸರ ಗುಂಪೊಂದರಲ್ಲಿ ನಾಲ್ಕು ಮಾತಾಡಲು ಕೇಳಿದ್ದಾರಂತೆ. ಯೋನನ ಕಥೆ ಹೇಳಬೇಕೆಂದಿದ್ದಾಳೆ, ನಾನು ಹೇಳಿದ ಹಾಗೇ. “ಆ ಪಾಠ ಇಲ್ದೇ ಹೋಗಿದ್ರೆ ನಾನು ಆ ಗಿಲ್ಟ್ ಇಟ್ಕೊಂಡು ಬದುಕೋಕೆ ಆಗ್ತಿರ್ಲಿಲ್ಲ ಅಕ್ಕಾ,” ಎಂದಳು.

ನಿಂತಲ್ಲೇ ಹೇಳಿದೆ. ಜ್ವರ, ಮಾತ್ರೆ, ಗುರುವಾರ, ಜಯಶೀಲಮ್ಮನ ಮಾತು — ಎಲ್ಲ.

“ನಿಧಿ ಈಗ್ಲೂ ಫ್ರೆಂಡ್ಸ್ ಮನೆ ಒಳಗೆ ಹೋಗಲ್ಲ,” ಎಂದಳು. “ಬಾಗಿಲಲ್ಲೇ ನಿಂತು ಮಾತಾಡಿ ಬರ್ತಾಳೆ. ಯಾಕೆ ಅಂದ್ರೆ, ನಮ್ಮಿಂದ ಅಜ್ಜಿಗೆ ಹಾಗಾಯ್ತಲ್ಲ ಅಂತಾಳೆ. ನನ್ನ ವಿಷಯ ಆಮೇಲೆ ನೋಡೋಣ. ಅವಳಿಗೆ ನೀವು ಬಂದು ಹೇಳಿ.”

‘ಅಕ್ಕಾ’ ಎನ್ನಲಿಲ್ಲ.

ಶನಿವಾರದ ರೈಲಿಗೆ ಟಿಕೆಟ್ ತೆಗೆದಿದ್ದೇನೆ. ಗಂಡನಿಗೆ ಏಕೆ ಹೋಗುತ್ತಿದ್ದೇನೆಂದು ಹೇಳಿದೆ. ಉಳಿದ ಮನೆಗಳವರಿಗೂ ಈ ಬರಹ ತಲುಪುತ್ತದೆ. ನಿಧಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಆದರೆ ನಾನು ಆಡುವ ದೊಡ್ಡ ದೊಡ್ಡ ಮಾತುಗಳು ತಿಳಿಯುವುದಿಲ್ಲ. ಅದಕ್ಕೇ ಅವಳ ಶಾಲೆಯ ಭಾಷೆಯಲ್ಲಿ ಅಭ್ಯಾಸ ಮಾಡುತ್ತಿದ್ದೇನೆ. ವಾತಾಶಿ ದೆಶಿತಾ. ಅಂದರೆ, ಅದು ನಾನೇ, ನಿನ್ನ ಅಮ್ಮ ಅಲ್ಲ, ನೀನೂ ಅಲ್ಲ. ಇಷ್ಟೇ. ಇದರ ನಂತರ ಒಂದು ಪಾಠ ಸೇರಿಸಲು ಬಾಯಿ ತೆರೆದುಕೊಳ್ಳುತ್ತದೆ — ಪ್ರತಿ ಸಲವೂ. ಮುಚ್ಚಿಕೊಳ್ಳುವುದನ್ನೂ ಅಭ್ಯಾಸ ಮಾಡುತ್ತಿದ್ದೇನೆ.