ಬೂದು ಬಣ್ಣದ ಅರವತ್ತೆರಡು ಮನೆಗಳು

ನಕ್ಷೆಯಮ್ಮನವರ ನಿವೃತ್ತಿಗಾಗಿ ತರುತ್ತಿರುವ ಈ ಅಭಿನಂದನ ಗ್ರಂಥಕ್ಕೆಂದು ಬರೆದ ಲೇಖನವನ್ನು ಸಂಪಾದಕರ ಕೈಗೆ ಕೊಟ್ಟು ಮೂರು ದಿನವಾಗಿತ್ತು. ಮಂಗಳವಾರ ಬೆಳಗಿನ ಪ್ರಾರ್ಥನೆ ಮುಗಿಸಿ ಏಳುವಷ್ಟರಲ್ಲಿ ಅವರ ತಮ್ಮನ ಫೋನು ಬಂತು. "ಅಕ್ಕ ಹೋಗ್ಬಿಟ್ರು ಸಾರ್. ಎದೆ ನೋವು ಅಂದ್ರು ಅಷ್ಟೆ, ಆಸ್ಪತ್ರೆವರೆಗೂ ತಡೀಲಿಲ್ಲ." ಅವರ ನಿವೃತ್ತಿಗೆ ಇನ್ನು ಹದಿನೆಂಟು ದಿನ ಉಳಿದಿತ್ತು. ನನಗಿಂತ ಹನ್ನೊಂದು ವರ್ಷ ಚಿಕ್ಕವರನ್ನು ಅಭಿನಂದಿಸಲು ಕುಳಿತವನು ಈಗ ಅವರ ಸದ್ಗತಿಗಾಗಿ ಬರೆಯಬೇಕಾಗಿದೆ. ಲೇಖನವನ್ನು ಹಿಂದಕ್ಕೆ ಪಡೆದು ಹೊಸದಾಗಿ ಬರೆಯುತ್ತಿದ್ದೇನೆ. ಅವರ ಮಾತಿಗೆ ಕಟ್ಟುಬಿದ್ದು ಮೊದಲಿನದರಲ್ಲಿ ಒಂದು ಸಂಗತಿಯನ್ನು ಮುಚ್ಚಿಟ್ಟಿದ್ದೆ.

ನಗರದ ವಸತಿ ಮತ್ತು ಆರ್ಥಿಕ ಸ್ಥಿತಿಗತಿಗಳನ್ನು ದಪ್ಪ ವರದಿಗಳಿಂದ ಬಿಡಿಸಿ ಜನರ ಕಣ್ಣೆದುರಿಗೆ ಇಟ್ಟವರಲ್ಲಿ ಅವರದು ಮೊದಲ ಸಾಲಿನ ಹೆಸರು. ಅವರು ನಮ್ಮ ಅಂಕಿಅಂಶ ಕಚೇರಿಗೆ ಸೇರಿದಾಗ ನಾವಿನ್ನೂ ಗ್ರಾಫ್ ಹಾಳೆಯ ಮೇಲೆ ಬಣ್ಣದ ಪೆನ್ಸಿಲಿನಿಂದ ಗೆರೆ ಎಳೆಯುತ್ತಿದ್ದೆವು. ಅವರು ಕಂಪ್ಯೂಟರಿನಲ್ಲಿ ನಗರದ ನಕ್ಷೆಯನ್ನು ಕಟ್ಟಿದರು. ಯಾವ ಬೀದಿಯನ್ನು ಒತ್ತಿದರೂ ಅಲ್ಲಿನ ಬಾಡಿಗೆ, ಖಾಲಿ ಮನೆಗಳು, ಕೆಲಸವಿಲ್ಲದವರ ಸಂಖ್ಯೆ, ಹತ್ತು ವರ್ಷದ ಏರಿಳಿತ ಎಲ್ಲವೂ ಒಟ್ಟಿಗೆ ತೆರೆದುಕೊಳ್ಳುತ್ತಿದ್ದವು. ನಕ್ಷೆಯಮ್ಮ ಎಂಬ ಹೆಸರು ಬಂದದ್ದು ಆಗಲೇ. ಬೀದಿಗೆ ಬಣ್ಣ ತುಂಬುವ ಮುನ್ನ ಅಲ್ಲಿಗೆ ಒಮ್ಮೆ ನಡೆದು ಹೋಗಿ, ಒಣಹಾಕಿದ ಬಟ್ಟೆಗಳನ್ನು ನೋಡಿ ಎಷ್ಟು ಸಂಸಾರಗಳಿವೆಯೆಂದು ಲೆಕ್ಕ ಹಿಡಿದು ಬರುವುದು ಅವರ ಪದ್ಧತಿ.

"ಏನಮ್ಮ, ನಮ್ದು ಕಚೇರಿನೋ ಲಾಂಡ್ರಿನೋ?" ಎಂದು ನಾನು ಕೆಣಕುತ್ತಿದ್ದೆ.

"ಲಾಂಡ್ರಿಲಿ ಕೆಲಸ ಬೇಗ ಮುಗಿಯತ್ತೆ ಸಾರ್," ಎನ್ನುತ್ತಿದ್ದರು.

ನನ್ನ ನಿವೃತ್ತಿಗೆ ಎರಡು ವರ್ಷವಿದ್ದಾಗ ಖಾಲಿ ಮನೆಗಳ ನಕ್ಷೆ ಹೊರಡಬೇಕಿತ್ತು. ಒಂದು ಹಳೆಯ ಗಲ್ಲಿಯಲ್ಲಿ ಅರವತ್ತೆರಡು ಮನೆಗಳ ವಿದ್ಯುತ್ ಮೀಟರು ಆರು ತಿಂಗಳಿನಿಂದ ಸೊನ್ನೆ ತೋರಿಸುತ್ತಿತ್ತು. "ಒಂದು ದಿನ ಕೊಡಿ ಸಾರ್, ನೋಡ್ಕೊಂಡ್ ಬರ್ತೀನಿ," ಎಂದು ಅವರು ಕೇಳಿದರು. "ಮೀಟರ್ ಸುಳ್ಳು ಹೇಳತ್ತೇನಮ್ಮ?" ಎಂದು ಗದರಿ, ಗಲ್ಲಿಗೆ ಖಾಲಿ ಎಂಬ ಬೂದು ಬಣ್ಣವನ್ನು ನಾನೇ ತುಂಬಿದೆ. ಎರಡೇ ವಾರದಲ್ಲಿ, ನಮ್ಮ ನಕ್ಷೆಯನ್ನೇ ನಂಬಿ ನಗರಪಾಲಿಕೆಯವರು ಅಲ್ಲಿನ ಬಾಗಿಲುಗಳ ಮೇಲೆ ಕೆಡವುವ ನೋಟೀಸು ಅಂಟಿಸಿದರು.

ಸುದ್ದಿ ತಿಳಿದ ದಿನವೇ ಅವರು ಹೊರಟರು. ಹಿಂದೆ ನಾನೂ ಹೋದೆ. ಆ ಮನೆಗಳ ಮಾಲೀಕ ಬಾಡಿಗೆದಾರರನ್ನು ಒಕ್ಕಲೆಬ್ಬಿಸಲು ಒಬ್ಬೊಬ್ಬರ ವಿದ್ಯುತ್ ಕತ್ತರಿಸಿದ್ದ. ಎಲ್ಲರೂ ತಂತಮ್ಮ ಕಟ್ಟಡದ ಮೆಟ್ಟಿಲ ದೀಪದ ಮೀಟರಿನಿಂದ ತಂತಿ ಎಳೆದುಕೊಂಡಿದ್ದರು. ಮೂರನೆಯ ಮಹಡಿಗೆ ನೀರು ಹೊರುತ್ತಿದ್ದ ಅಜ್ಜಿಯೊಬ್ಬಳು ನಮ್ಮನ್ನು ತಡೆದಳು.

"ಇಲ್ಲಿ ಯಾರೂ ಇಲ್ಲ ಅಂತ ಬರೆದೋರು ನೀವೇನಾ? ಹಂಗಾದ್ರೆ ಈ ಬಕೆಟ್ಟು ದೆವ್ವ ಹೊರ್ತಿದೆಯಾ?"

ನಕ್ಷೆಯಮ್ಮನವರು ಬಕೆಟ್ಟನ್ನು ಇಸಿದುಕೊಂಡು, "ತಪ್ಪಾಯ್ತು ಅಜ್ಜಿ, ಸರಿ ಮಾಡ್ತೀವಿ," ಎಂದು ಮೆಟ್ಟಿಲು ಹತ್ತಿದರು. ನಾಲ್ಕು ದಿನ ಮನೆಮನೆಗೂ ಹೋಗಿ ಹೆಸರು ಬರೆದು ತಂದು, ನಕ್ಷೆಯನ್ನು ತಿದ್ದಿ, ಮೇಲಿನ ಕಚೇರಿಯ ಮೆಟ್ಟಿಲು ಸವೆಸಿ ನೋಟೀಸನ್ನು ರದ್ದು ಮಾಡಿಸಿದರು. ಮನೆಗಳು ಉಳಿದವು.

ಆಮೇಲೆ ವಿಚಾರಣೆ ನಡೆಯಿತು. ತಪ್ಪು ಯಾರದೆಂಬ ಕಾಗದದಲ್ಲಿ ಅವರು ತಮ್ಮ ಸಹಿ ಹಾಕಿದರು. "ನಿಮಗಿನ್ನು ಎರಡೇ ವರ್ಷ ಸಾರ್, ಪಿಂಚಣಿಗೆ ತೊಂದ್ರೆ ಆಗತ್ತೆ. ಬೈಸ್ಕೊಳ್ಳೋಕೆ ನನಗೆ ಬೇಕಾದಷ್ಟು ಟೈಮಿದೆ." ನಾನು ಸುಮ್ಮನಿದ್ದೆ. ಅವರ ಬಡ್ತಿ ಐದು ವರ್ಷ ನಿಂತಿತು. ಅವರಿಗಿಂತ ಕಿರಿಯರು ಅವರಿಗೆ ಮೇಲಧಿಕಾರಿಗಳಾಗಿ ಬಂದರು. ನನ್ನ ಬೀಳ್ಕೊಡುಗೆಯ ದಿನ ಹಾರ ಹಾಕಿದವರೂ ಅವರೇ.

ಈ ಗ್ರಂಥದಲ್ಲಾದರೂ ನಿಜ ಹೇಳುತ್ತೇನೆಂದು ಹೋದ ವಾರ ಫೋನಿನಲ್ಲಿ ಅಂದಿದ್ದೆ. "ಬರೆದ್ರೆ ಪುಸ್ತಕ ಮುಟ್ಟೋದೇ ಇಲ್ಲ ಸಾರ್. ಈ ವಯಸ್ಸಲ್ಲಿ ಸುಮ್ನೆ ಯಾಕೆ?" ಎಂದು ನಕ್ಕರು. ಹೇಡಿಯಾದ ನನಗೆ ಅಷ್ಟೇ ಸಾಕಾಗಿತ್ತು. ಈಗ ತಡೆಯುವವರಿಲ್ಲ. ಆ ತಪ್ಪು ನನ್ನದು, ಅವರದಲ್ಲ. ಕಚೇರಿಯ ದಾಖಲೆಯಲ್ಲೂ ಇದನ್ನು ತಿದ್ದಬೇಕೆಂದು ನಿನ್ನೆ ಅರ್ಜಿ ಕೊಟ್ಟು ಬಂದಿದ್ದೇನೆ.

ದೀರ್ಘಾಯುಷ್ಯವನ್ನು ಹಾರೈಸಬೇಕಾದ ಕಡೆಯ ಸಾಲಿನಲ್ಲಿ ಬೇಡುವುದು ಇಷ್ಟೇ. ದಯಾಮಯನಾದ ದೇವರೇ, ಇತರರ ತಪ್ಪನ್ನು ಹೊತ್ತು ದಣಿದು ಬಂದ ಈ ಜೀವಕ್ಕೆ ನಿನ್ನ ಪಾದದ ಬಳಿ ವಿಶ್ರಾಂತಿ ಕೊಡು. ನನ್ನ ಮೌನವನ್ನು ಅವಳ ಲೆಕ್ಕಕ್ಕೆ ಹಿಡಿಯಬೇಡ. ಅವಳ ಆತ್ಮಕ್ಕೆ ಶಾಂತಿಯಿರಲಿ.